ಮಾತು ಬಿಟ್ಟು ಮಡಿಸಿದ ಸೀರೆಗಳು

ಮೊನ್ನೆ ನಮ್ಮವರ ಕಣ್ಣು ತೋರಿಸಲು ಪರೇಲಿಗೆ ಹೋಗಿದ್ದೆವು. ಕಣ್ಣಿನ ಡಾಕ್ಟರು ಕೂರುವ ಕಟ್ಟಡದಲ್ಲೇ ಮೇಲೆಲ್ಲ ಕಚೇರಿಗಳು. ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಬರೀ ಹಸಿರು. ಹೆಂಗಸರೆಲ್ಲ ಹಸಿರು ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು, ಸೆರಗು ಪಕ್ಕದವರ ಬ್ಯಾಗಿಗೆ ಸಿಕ್ಕಿಕೊಳ್ಳದಂತೆ ಮುಂದಕ್ಕೆ ಎಳೆದುಕೊಂಡು ನಿಂತಿದ್ದರು. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಊರಿನವರಿಗಾಗಿ ಹೇಳುತ್ತೇನೆ: ಇಲ್ಲಿ ನವರಾತ್ರಿಯ ಒಂದೊಂದು ದಿನಕ್ಕೆ ಒಂದೊಂದು ಬಣ್ಣ. ಆ ದಿನ ಲೋಕಲ್ ರೈಲಿನ ಲೇಡೀಸ್ ಡಬ್ಬ, ಬ್ಯಾಂಕು, ಆಸ್ಪತ್ರೆ, ಮೀನಿನ ಮಾರ್ಕೆಟ್ಟು, ಎಲ್ಲಿ ನೋಡಿದರೂ ಅದೇ ಬಣ್ಣದ ಸೀರೆ. ವರ್ಷವಿಡೀ ಕುರ್ತಾ ಹಾಕುವ ಹುಡುಗಿಯರೂ ಆ ಒಂಬತ್ತು ದಿನ ಸೀರೆ ಉಡುತ್ತಾರೆ.

ನಾವೂ ಒಳಗೆ ತೂರಿಕೊಂಡೆವು. ಬಾಗಿಲು ಮುಚ್ಚಿತು. ಹಬೆಯ ಇಸ್ತ್ರಿ ತಗಲಿದ ಹತ್ತಿ ಬಟ್ಟೆಯ ವಾಸನೆ, ಅದರ ಅಡಿಯಲ್ಲಿ ಸ್ವಲ್ಪ ಗಂಜಿಯ ವಾಸನೆ. ನಾನು ತಲೆ ತಗ್ಗಿಸಿ ನೆಲ ನೋಡುತ್ತ ನಿಂತೆ.

ಹೊರಗೆ ಬಂದ ಮೇಲೆ ನಮ್ಮವರು, "ಅಲ್ಲ, ಕಣ್ಣು ತೋರಿಸ್ಲಿಕ್ಕೆ ಬಂದದ್ದು ನಾನು. ನೀನು ಎಂತಕ್ಕೆ ಎಲ್ಲರ ಕಾಲು ನೋಡುದು?" ಎಂದರು.

ನಾನು ನೋಡಿದ್ದು ಕಾಲನ್ನಲ್ಲ. ಸೀರೆಯ ಕೆಳಗಂಚಿಗೂ ನೆಲಕ್ಕೂ ನಡುವೆ ಇರುವ ಜಾಗವನ್ನು. ಆ ಜಾಗ ಎಷ್ಟಿರಬೇಕು ಎನ್ನುವುದರ ಮೇಲೆ ಒಂದು ನವರಾತ್ರಿಯಲ್ಲಿ ನಾನೂ ಮಹಾದೇವಿಯೂ ಬೇರೆಯಾಗಿಯೇ ಹೋಗುವುದರಲ್ಲಿದ್ದೆವು.

ಮಹಾದೇವಿ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಮನೆಯ ಸರಿ ಕೆಳಗಿನ ಮನೆಯವಳು. ಬಾಗಲಕೋಟೆಯ ಕಡೆಯವಳು, ಗಂಡ ದೊಡ್ಡ ದೊಡ್ಡ ಕಟ್ಟಡಗಳ ಕೆಲಸದಲ್ಲಿ ಸೂಪರ್‌ವೈಸರ್. ನನಗಿಂತ ಏಳೆಂಟು ವರ್ಷ ಚಿಕ್ಕವಳು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು, ನಾನು ಅವಳನ್ನು ಮಾದೇವಿ ಎನ್ನುತ್ತಿದ್ದೆ. ನಾನು ಉಡುಪಿಯವಳು, ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಹೊಲಿಗೆಯ ಸಿಸ್ಟರ್ ನಾವು ಮಡಿಸಿದ ಅಂಚಿನ ಮೇಲೆ ಉಗುರು ಎಳೆದು ನೋಡುತ್ತಿದ್ದರು. ಎಲ್ಲಾದರೂ ಉಬ್ಬು ಸಿಕ್ಕಿದರೆ ಮಾತಾಡದೆ ಬಿಚ್ಚಿ ಕೈಗೆ ಕೊಡುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ವಿದ್ಯೆ ದಿಂಬಿನ ಕವರು, ಪರದೆಗಳಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬೇಕಾಗಿರಲಿಲ್ಲ.

ಬಿಲ್ಡಿಂಗಿನ ಒಬ್ಬರ ಮಗಳ ನಿಶ್ಚಿತಾರ್ಥದ ದಿನ ನಮ್ಮ ಕೆಲಸ ಶುರುವಾಯಿತು. ಹುಡುಗಿಗೆ ಸೀರೆ ಉಡಿಸುವವಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಹುಡುಗಿ ಕನ್ನಡಿಯ ಎದುರು ನಿಂತು ಅಳು ತಡೆಯುತ್ತಿದ್ದಳು. ಮಾದೇವಿ ಬಳೆಗಳನ್ನು ಮೊಣಕೈವರೆಗೆ ದೂಡಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿದಳು. "ವೈನಿ, ನೀವ ಸೆರಗ ಹಿಡೀರಿ, ನಾ ನಿರಿಗಿ ಹಿಡೀತೀನಿ" ಎಂದಳು. ಅವಳ ಬೆರಳುಗಳು ನಿರಿಗೆ ಹಿಡಿಯುವಾಗ ಅವಳು ನೋಡುತ್ತಲೇ ಇರಲಿಲ್ಲ. ಹುಡುಗಿಯ ಜೊತೆ ಮಾತಾಡುತ್ತ, ಅವಳನ್ನು ನಗಿಸುತ್ತ, ಮಾತು ಮುಗಿಯುವಾಗ ನಿರಿಗೆಯೂ ಮುಗಿದಿತ್ತು. ಒಂದೇ ಅಗಲ, ಒಂದೇ ಸಾಲು. ನಾನು ನನ್ನ ಸೆರಗಿನ ಮಡಿಕೆಗಳನ್ನು ಇನ್ನೂ ಎರಡನೆಯ ಸಲ ತಿದ್ದುತ್ತಿದ್ದೆ.

ಆಮೇಲೆ ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹೋಗಿ, ಆಫೀಸಿಗೆ ಹೋಗುವ ಹೆಂಗಸರು ಸೀರೆ ತಂದುಕೊಡತೊಡಗಿದರು. ಇದಕ್ಕೆ ಇಲ್ಲಿ ಪ್ಲೀಟಿಂಗ್ ಎನ್ನುತ್ತಾರೆ. ಉಡುವವರ ಎತ್ತರ, ಸೊಂಟದ ಅಳತೆ ತೆಗೆದುಕೊಂಡು, ಸೆರಗು, ನಿರಿಗೆ ಎಲ್ಲ ಮೊದಲೇ ಹಿಡಿದು, ಇಸ್ತ್ರಿ ಹಾಕಿ, ಪಿನ್ನು ಚುಚ್ಚಿ, ಪೆಟ್ಟಿಗೆಯಲ್ಲಿ ಮಡಿಸಿ ಕೊಡುವುದು. ಬೆಳಿಗ್ಗೆ ಅವರು ಸುತ್ತಿಕೊಂಡು ಸಿಕ್ಕಿಸಿದರೆ ಆಯಿತು, ರೈಲಿಗೆ ಓಡಬಹುದು. ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಬಿಳಿ ಬೆಡ್‌ಶೀಟು ಹಾಸಿ ಅದನ್ನೇ ಇಸ್ತ್ರಿಯ ಮೇಜು ಮಾಡಿಕೊಂಡೆವು. ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟು ಊಟ ಮಾಡಲು ಕಲಿತರು.

ಒಂದು ಸೀರೆ ನಮ್ಮಿಬ್ಬರ ಕೈಯನ್ನೂ ದಾಟಿಯೇ ಹೊರಗೆ ಹೋಗುತ್ತಿತ್ತು. ಸೀರೆಯ ಮೇಲಂಚನ್ನು ಉಡುವವರ ಎತ್ತರಕ್ಕೆ ತಕ್ಕಂತೆ ಉದ್ದಕ್ಕೂ ಒಳಮಡಿಸುವುದು ನನ್ನ ಕೆಲಸ. ಕುಳ್ಳಗಿದ್ದವರಿಗೆ ಹೆಚ್ಚು ಮಡಿಸಬೇಕು, ಎತ್ತರದವರಿಗೆ ಕಡಿಮೆ. ಸೆರಗೂ ನನ್ನದೇ. ಆಮೇಲೆ ಅದು ಮಾದೇವಿಯ ಕಡೆ ಜರುಗುತ್ತಿತ್ತು, ನಿರಿಗೆ ಅವಳದು. ನಮ್ಮಿಬ್ಬರ ನಡುವೆ ದಿನವೂ ಇದ್ದ ಜಗಳ ಒಂದೇ. ನಿರಿಗೆಗೆ ಪಿನ್ನು ಹಾಕುವಾಗ ಅವಳು ಮೇಲಂಚನ್ನು ಇನ್ನೆರಡು ಬೆರಳು ಒಳಗೆ ಮಡಿಸಿಬಿಡುತ್ತಿದ್ದಳು. ಸೀರೆ ಅಷ್ಟು ಮೇಲೆ ಹೋಗುತ್ತಿತ್ತು.

"ಎಂತ ಮಾರಾಯ್ತಿ, ಗದ್ದೆಗೆ ಇಳಿಲಿಕ್ಕೆ ಉಂಟಾ ಅವರಿಗೆ? ಎರಡು ಬೆರಳು ಬಿಡು" ಎಂದು ನಾನು.

"ಲೋಕಲ್ ಹತ್ತಾಕ ಐತ್ರಿ ವೈನಿ. ನಿಮ್ಮ ಕಾನ್ವೆಂಟಿನ ಮೇರಿಯಮ್ಮನಂಗ ಪಾದ ಮುಚ್ಚಿ ನಿಂದರಾಕ ಅಲ್ಲ" ಎಂದು ಅವಳು.

ಕೊನೆಗೆ ಒಂದು ಬೆರಳಿಗೆ ರಾಜಿಯಾಗುತ್ತಿತ್ತು. ಪ್ರತಿ ಸೀರೆಗೂ ಇದೇ ಮಾತು, ಪ್ರತಿ ಸೀರೆಗೂ ರಾಜಿ. ಅಳತೆಗಳನ್ನು ನಾವು ಎಲ್ಲೂ ಬರೆದಿಡಲಿಲ್ಲ. ಬಾಯಲ್ಲಿ ಹೇಳಿ ಸರಿಪಡಿಸಿಕೊಳ್ಳುವುದೇ ನಮ್ಮ ಪದ್ಧತಿಯಾಗಿತ್ತು.

ಗಿರಾಕಿಗಳ ಜೊತೆ ಮಾತಾಡುವವಳು ಮಾದೇವಿ. ಅವಳ ಹಿಂದಿಗೆ ವ್ಯಾಕರಣ ಇಲ್ಲ, ಆದರೆ ಭಯವೂ ಇಲ್ಲ. ನನಗೆ ಇಂಗ್ಲಿಷ್ ಬರುತ್ತದೆ, ಹಿಂದಿಯೂ ಬರುತ್ತದೆ, ಎದುರಿಗೆ ಅಪರಿಚಿತರು ಬಂದು ನಿಂತರೆ ಎರಡೂ ಬರುವುದಿಲ್ಲ. ಹಾಗಾಗಿ ಬಾಗಿಲು ಅವಳು ತೆರೆಯುತ್ತಿದ್ದಳು, ಚಹಾ ನಾನು ತರುತ್ತಿದ್ದೆ.

ಆ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಪರೇಲಿನ ಒಂದು ಆಫೀಸಿನಿಂದ ಸಾವಂತ್ ಮೇಡಂ ಬಂದರು. ದಪ್ಪ ಕನ್ನಡಕ, ಗಟ್ಟಿ ದನಿ, ಮರಾಠಿಯವರು. ತಮ್ಮ ಆಫೀಸಿನ ಹೆಂಗಸರ ಗುಂಪಿಗೆಲ್ಲ ನವರಾತ್ರಿಯ ಒಂಬತ್ತೂ ದಿನದ ಸೀರೆಗಳನ್ನು ನಾವೇ ಮಾಡಿಕೊಡಬೇಕೆಂದರು. ನಮಗೆ ಅಷ್ಟು ದೊಡ್ಡ ಕೆಲಸ ಅದುವರೆಗೆ ಬಂದಿರಲಿಲ್ಲ. ಮಾದೇವಿ ಒಪ್ಪಿಕೊಂಡಳು. ನಾನು ಒಳಗಿನಿಂದ ತಲೆಯಾಡಿಸಿದೆ.

ನವರಾತ್ರಿಗೆ ಕೆಲವೇ ದಿನ ಇರುವಾಗ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದುಕೊಂಡು ಬಂದಳು. ಮನೆಯಲ್ಲೇ ಉದ್ಯೋಗ ಮಾಡುವ ಹೆಂಗಸರ ಬಗ್ಗೆ ಮೊಬೈಲಿನಲ್ಲಿ ಸಣ್ಣ ಸಣ್ಣ ವಿಡಿಯೋ ಹಾಕುವವಳಂತೆ. ನಾನು ಮುಖ ತೋರಿಸುವುದಿಲ್ಲ ಎಂದು ಹೇಳಿ ಅಡುಗೆಮನೆಗೆ ಹೋದೆ. ಹಾಲು ಉಕ್ಕದಂತೆ ನೋಡಿಕೊಳ್ಳುತ್ತ ಅಲ್ಲೇ ನಿಂತೆ. ಹೊರಗೆ ಮಾದೇವಿಯ ನಗು ಕೇಳಿಸುತ್ತಿತ್ತು.

ಎರಡು ದಿನ ಕಳೆದು ನನ್ನ ಮಗಳು ಶ್ರೇಯಾ ಕಾಲೇಜಿನಿಂದ ಬಂದವಳು ಚಪ್ಪಲಿ ಕಳಚುವ ಮೊದಲೇ ಮೊಬೈಲು ಮುಂದೆ ಹಿಡಿದಳು. "ಅಮ್ಮಾ, ದೇಖೋ ನಾ! ಆಂಟಿ ಎಷ್ಟು ಚಂದ ಬಂದಿದ್ದಾರೆ, ಸೋ ಮೆನಿ ಲೈಕ್ಸ್!"

ನನ್ನದೇ ಮೇಜು. ನನ್ನದೇ ಬಿಳಿ ಬೆಡ್‌ಶೀಟು, ಮೂಲೆಯಲ್ಲಿ ನಾನೇ ಹಾಕಿದ ನೀಲಿ ಕಸೂತಿ. ಮಾದೇವಿ ಹಿಂದಿಯಲ್ಲಿ ಹೇಳುತ್ತಿದ್ದಳು, ತಾನು ಇದನ್ನು ಶುರು ಮಾಡಿದೆ, ಒಬ್ಬಳೇ ಶುರು ಮಾಡಿದೆ, ದಸರಾ ಮುಗಿದ ಮೇಲೆ ವಿಲೆ ಪಾರ್ಲೆಯ ಒಂದು ಮದುವೆ ಸೀರೆಯ ಅಂಗಡಿಯಲ್ಲಿ ತನ್ನದೇ ಕೌಂಟರ್ ಇಡುತ್ತೇನೆ ಎಂದು. ಅವಳ ಹಿಂದೆ ಹಗ್ಗದ ಮೇಲೆ ನಾನು ಸೆರಗು ಹಿಡಿದು ನೇತುಹಾಕಿದ್ದ ಸೀರೆಗಳು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದ್ದವು.

"ನಿನ್ನ ಹೆಸರು ಲಾಸ್ಟಲ್ಲಿ ಬರ್ತದಾ ಅಂತ ನಾನೂ ನೋಡಿದೆ, ಅಮ್ಮಾ" ಎಂದು ಶ್ರೇಯಾ ಮೆಲ್ಲಗೆ ಹೇಳಿದಳು. "ಬರ್ಲಿಲ್ಲ."

ಮರುದಿನ ಮಾದೇವಿ ಬಂದಾಗ ನಾನು ಕೇಳಿದ್ದು ಒಂದೇ ಮಾತು. "ಪಾರ್ಲೆಯ ವಿಷಯ ನೀವು ನನಗೆ ಹೇಳಬಹುದಿತ್ತು."

ನೀವು ಎಂದದ್ದನ್ನು ಅವಳು ಕೇಳಿಸಿಕೊಂಡಳು. ಕೈಯಲ್ಲಿದ್ದ ಪಿನ್ನಿನ ಡಬ್ಬಿ ಮೇಜಿನ ಮೇಲಿಟ್ಟು ಹೇಳಿದಳು, "ಹೇಳೀನ್ರಿ ಮೇಡಂ. ನೀವ ಕೇಳಿಸ್ಕೊಂಡಿಲ್ಲ."

ಅಲ್ಲಿಗೆ ಮಾತು ನಿಂತಿತು.

ಕೆಲಸ ಬಿಡುವ ಹಾಗಿರಲಿಲ್ಲ. ಸಾವಂತ್ ಮೇಡಂ ಅವರ ಸೀರೆಗಳು ಆಗಲೇ ಮೂಟೆಯಾಗಿ ಬಂದು ನಮ್ಮ ದಿವಾನಿನ ಮೇಲೆ ಕೂತಿದ್ದವು. ಹಾಗಾಗಿ ಯಾರೂ ಹೇಳದೆಯೇ ಒಂದು ಏರ್ಪಾಡಾಯಿತು. ಬೆಳಿಗ್ಗೆ ನಾನು ಮೇಲಂಚು, ಸೆರಗು ಮುಗಿಸಿ ಹಗ್ಗದ ಮೇಲೆ ಹಾಕುವುದು. ಮಧ್ಯಾಹ್ನ ನಾನು ಒಳಕೋಣೆಯಲ್ಲಿ ಮಲಗಿರುವಾಗ ಮಾದೇವಿ ಬಂದು ನಿರಿಗೆ ಹಿಡಿದು, ಪೆಟ್ಟಿಗೆ ತುಂಬಿ, ಬಾಗಿಲು ಎಳೆದುಕೊಂಡು ಹೋಗುವುದು. ನನಗೆ ನಿದ್ದೆ ಬರುತ್ತಿರಲಿಲ್ಲ. ಇಸ್ತ್ರಿ ಹಬೆ ಬಿಡುವ ಸದ್ದು, ಕುರ್ಚಿ ಜರುಗುವ ಸದ್ದು ಕೇಳುತ್ತ ಫ್ಯಾನು ನೋಡುತ್ತಿದ್ದೆ. ಅವಳು ಕೆಲಸ ಮಾಡುವಾಗ ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಳೆ ಹೋದ ಹಾಗೆ ಮಾಡಿ ಮತ್ತೆ ಬಂದಿತ್ತು. ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯೂ ತಣ್ಣಗೆ ಕೈಗೆ ಹತ್ತುತ್ತಿತ್ತು. ಗಂಜಿ ಹಾಕಿದ ಹತ್ತಿ ಸೀರೆಗಳಿಗೆ ಎರಡೆರಡು ಸಲ ಇಸ್ತ್ರಿ ಹಾಕಿದರೂ ಮಡಿಕೆ ನಿಲ್ಲುತ್ತಿರಲಿಲ್ಲ. ಮನೆಯೊಳಗೆ ಸದಾ ಆ ವಾಸನೆ, ಒದ್ದೆ ಹತ್ತಿ ಮತ್ತು ಬಿಸಿ ಕಬ್ಬಿಣ.

ನಮ್ಮವರು ಒಮ್ಮೆ, "ನಾನು ಕೆಳಗೆ ಹೋಗಿ ಅವಳ ಗಂಡನ ಹತ್ರ ಮಾತಾಡ್ಲಾ?" ಎಂದರು. ಬೇಡ ಎಂದೆ. ಶುರು ಮಾಡಿದ್ದು ಅವರಿಬ್ಬರಲ್ಲ. ಗಂಡಸರು ನಡುವೆ ಬಂದರೆ ನಮ್ಮ ಉದ್ಯೋಗ ಎರಡು ಮನೆಗಳ ನಡುವಿನ ತಕರಾರಾಗುತ್ತದೆ, ಆಮೇಲೆ ಅದನ್ನು ಮಡಿಸಿಡಲು ಬೇರೆಯೇ ಪೆಟ್ಟಿಗೆ ಬೇಕು.

ಮೊದಲ ಒಂದೆರಡು ದಿನದ ಸೀರೆಗಳು ಜಗಳಕ್ಕೆ ಮೊದಲೇ ತಯಾರಾಗಿದ್ದವು. ಅವು ಸರಿಯಾಗಿಯೇ ಹೋದವು. ಮಾತು ಬಿಟ್ಟ ಮೇಲೆ ಮಡಿಸಿದ ಸೀರೆಗಳಲ್ಲಿ ಮೊದಲು ಹೊರಗೆ ಹೋದದ್ದು ಬಿಳಿಯ ದಿನದ್ದು. ಆ ದಿನ ಬೆಳಿಗ್ಗೆ ಹಠಾತ್ತನೆ ಜೋರು ಮಳೆ ಹೊಡೆದು ನಿಂತಿತು. ನಾನು ಕುಕ್ಕರ್ ಇಳಿಸುತ್ತಿದ್ದೆ, ಫೋನು ಬಂತು.

ಸಾವಂತ್ ಮೇಡಂ. ಮಾದೇವಿಗೆ ಮಾಡಿದ್ದರಂತೆ, ಅವಳು ಎತ್ತಲಿಲ್ಲವಂತೆ.

"ಭಾಭೀ, ತುಮ್ಹಾರಾ ಸಾಡಿ ಪೂರಾ ಪರೇಲ್ ಸ್ಟೇಷನ್ ಕೋ ಝಾಡೂ ಮಾರ್‌ಕೇ ಆಯಾ ಹೈ" ಎಂದರು. ಗುಡಿಸಿಕೊಂಡು ಬಂದಿದೆಯಂತೆ, ಇಡೀ ಸ್ಟೇಷನ್ನನ್ನು. ನಗುತ್ತ ಹೇಳಲಿಲ್ಲ. ಎಲ್ಲರ ಸೀರೆಯೂ ನೆಲಕ್ಕೆ ಎಳೆಯುತ್ತಿತ್ತು. ಮನೆಯಲ್ಲಿ ಉಡುವಾಗ ಸ್ವಲ್ಪ ಉದ್ದ ಅನ್ನಿಸಿದರೂ ಪಿನ್ನು ಹಾಕಿ ಇಸ್ತ್ರಿ ಮಾಡಿದ್ದನ್ನು ಆ ಗಡಿಬಿಡಿಯಲ್ಲಿ ಯಾರು ಬಿಚ್ಚುತ್ತಾರೆ? ರೈಲಿಳಿದು ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಒಬ್ಬ ಹುಡುಗಿ ತನ್ನ ನಿರಿಗೆಯನ್ನೇ ಮೆಟ್ಟಿ ಮಂಡಿಯ ಮೇಲೆ ಬಿದ್ದಳಂತೆ. ಹಿಂದಿದ್ದವರು ಹಿಡಿದರು. ಆ ಜನಜಂಗುಳಿಯಲ್ಲಿ ಹಿಡಿಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಸಾವಂತ್ ಮೇಡಂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಅವರು ಅದೇ ಹಿಂದಿಯಲ್ಲಿ ಕೇಳಿದರು, "ನಾನು ಕೆಲಸ ಕೊಟ್ಟದ್ದು ನಿಮ್ಮಿಬ್ಬರನ್ನು ನೋಡಿ. ಈಗ ಇಬ್ಬರೂ ಇದ್ದೀರಾ, ಇಲ್ಲವಾ? ಸಂಜೆಯೊಳಗೆ ಹೇಳಿ. ಇಲ್ಲದಿದ್ದರೆ ಉಳಿದ ಸೀರೆಗಳನ್ನು ಹಾಗೇ ವಾಪಸ್ ಕಳಿಸಿ, ನಾವು ಹೇಗಾದರೂ ಉಟ್ಟುಕೊಳ್ಳುತ್ತೇವೆ."

ಮರುದಿನದ ಕೆಂಪು ಸೀರೆಗಳು ಪೆಟ್ಟಿಗೆಯಲ್ಲಿ ತಯಾರಿದ್ದವು. ಒಂದನ್ನು ಬಿಡಿಸಿ ಟೇಪು ಹಿಡಿದೆ. ನಾಲ್ಕು ಬೆರಳು ಉದ್ದ. ನನಗೆ ಮೊದಲು ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ. ಬೇಕೆಂದೇ ಮಾಡಿದ್ದಾಳೆ, ನಾನು ದಿನವೂ ಉದ್ದ ಬಿಡು ಅನ್ನುತ್ತಿದ್ದೆನಲ್ಲ, ತಗೊಳ್ಳಿ ಉದ್ದ ಅಂತ ಬಿಟ್ಟಿದ್ದಾಳೆ ಎಂದುಕೊಂಡೆ. ಪಿನ್ನು ಬಿಚ್ಚಿ ಮೇಲಂಚು ತಿರುವಿ ನೋಡಿದೆ. ನಾನು ಹಾಕಿದ ಮಡಿಕೆಯ ಗೆರೆ ಅಲ್ಲೇ ಇತ್ತು, ಅಚ್ಚುಕಟ್ಟಾಗಿ. ಅದನ್ನು ನೋಡುತ್ತಲೇ ನನಗೆ ನೆನಪಾಯಿತು, ಅದನ್ನು ಹಾಕುವಾಗ ನಾನೇನು ಯೋಚಿಸಿದ್ದೆ ಎಂದು.

ಗ್ಯಾಸ್ ಆರಿಸಿದೆ. ಕೆಂಪು ಸೀರೆಯನ್ನು ಹಾಗೆಯೇ ತೋಳಿನ ಮೇಲೆ ಹಾಕಿಕೊಂಡು ಕೆಳಗಿಳಿದೆ. ನಾನು ಯಾರ ಮನೆಗೂ ಕರೆಯದೆ ಹೋಗುವವಳಲ್ಲ. ಅವತ್ತು ಬೆಲ್ ಒತ್ತಿ ಬೆರಳು ತೆಗೆಯಲಿಲ್ಲ.

ಮಾದೇವಿ ಬಾಗಿಲು ತೆರೆದಳು. ಕೈಗೆಲ್ಲ ರೊಟ್ಟಿಯ ಹಿಟ್ಟು. "ಬರ್ರಿ ಮೇಡಂ."

"ಮೇಡಂ ಅಲ್ಲ ಎಂತದೂ ಅಲ್ಲ. ಇದು ನಾಲ್ಕು ಬೆರಳು ಉದ್ದ ಹೇಗೆ ಬಂತು? ಸಾವಂತ್ ಮೇಡಂ ಫೋನ್ ಮಾಡಿದ್ರು. ಪರೇಲಿನ ಮೆಟ್ಟಿಲಲ್ಲಿ ಒಂದು ಹುಡುಗಿ ಬಿದ್ದಳಂತೆ."

ಅವಳ ಮುಖ ಇಳಿಯಿತು. "ಯವ್ವಾ! ಪೆಟ್ಟಾತೇನ್ರಿ?"

"ಮಂಡಿ ತರಚಿತು ಅಷ್ಟೆ. ನೀನು ಹೇಳು, ಯಾವತ್ತೂ ಎರಡು ಬೆರಳು ಮೇಲೆ ಮಡಿಸುವವಳು ಈ ಸಲ ಯಾಕೆ ಮಡಿಸ್ಲಿಲ್ಲ?"

ಅವಳು ಸೆರಗಿಗೆ ಕೈ ಒರೆಸಿಕೊಂಡು ಸೀರೆಯನ್ನು ಬೆಳಕಿಗೆ ಹಿಡಿದಳು. "ಈ ಸಲ ಯಾಕ ಮಡಿಸ್ಲಿ? ದಿನಾ ಬೈತಿದ್ರಿ. ಮಾತಿಲ್ಲ ಕತಿಯಿಲ್ಲ, ಈಗ ಮತ್ತ ಗಿಡ್ಡ ಮಾಡಿದ್ರ ಬೇಕಂತ ಮಾಡ್ಯಾಳ ಅಂತೀರಿ. ಅದಕ್ಕ ನಿಮ್ಮ ಮಾತಿನಂಗ ಆಗ್ಲಿ ಅಂತ, ಮಡಿಸೂದು ಬಿಟ್ಟೆ. ಸಾಲದ್ದಕ್ಕ ನಿಮ್ಮ ಮಡಿಕಿನೂ ಚೂರು ಬಿಚ್ಚಿ ಕೆಳಗ ಇಳಿಸೀನಿ." ನನ್ನ ಮುಖ ನೋಡಿದಳು. "ಖರೇ ಹೇಳ್ರಿ. ನೀವೇನ ಮಾಡಿದ್ರಿ?"

"ನೀನು ಹೇಗೂ ಎರಡು ಬೆರಳು ಮಡಿಸ್ತಿ ಅಂತ ಗೊತ್ತಿತ್ತಲ್ಲ. ಹೇಳ್ಲಿಕ್ಕೆ ಬಾಯಿ ಇರ್ಲಿಲ್ಲ. ಅದಕ್ಕೆ ನಾನೇ ಮೊದ್ಲೇ ಎರಡು ಬೆರಳು ಕಡಿಮೆ ಮಡಿಸಿದೆ."

ಇಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಳಗೆ ತವೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಓಡಿದಳು, ನಾನೂ ಹಿಂದೆಯೇ ಹೋದೆ. ಕಪ್ಪಾದ ರೊಟ್ಟಿಯನ್ನು ಇಕ್ಕಳದಲ್ಲಿ ಹಿಡಿದುಕೊಂಡು ಅವಳು ನಗತೊಡಗಿದಳು. ಆಮೇಲೆ ನಗು ನಿಂತಿತು, ಕಣ್ಣು ಕೆಂಪಾಯಿತು. ನನಗೆ ನಗು ಬರಲಿಲ್ಲ. ಮೆಟ್ಟಿಲ ಮೇಲೆ ಬಿದ್ದ ಹುಡುಗಿಯ ಹೆಸರು ಕೂಡ ನಾನು ಕೇಳಿರಲಿಲ್ಲ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು.

"ಸಿಟ್ಟು ಇದ್ರೆ ಇರ್ಲಿ" ಎಂದೆ. "ಆದ್ರೆ ಮಾತಾಡದೆ ಈ ಕೆಲಸ ಆಗುದಿಲ್ಲ. ಈಗ ಸಿಟ್ಟಿನದ್ದೇ ಮಾತಾಡುವ. ವಿಡಿಯೋದಲ್ಲಿ ಒಬ್ಬಳೇ ಶುರು ಮಾಡಿದೆ ಅಂದದ್ದು ಯಾಕೆ?"

"ಕುಂದರ್ರಿ ಮೊದಲ."

"ಕೂರುದಿಲ್ಲ. ಹೇಳು."

ಅವಳು ತವೆ ಕೆಳಗಿಳಿಸಿದಳು. "ಆ ಹುಡುಗಿ ಕ್ಯಾಮೆರಾ ಹಿಡದ ಕೇಳಿದ್ಲು, ಅಕೇಲೇ ಕಿಯಾ ಕ್ಯಾ ಅಂತ. ನಾ ನಿಮ್ಮ ಕಡೆ ತಿರಗಿ ನೋಡಿದೆ. ನೀವ ಅಡಗಿ ಮನ್ಯಾಗ ಹೋಗಿ ನಿಂತಿದ್ರಿ. ಕರದ್ರೂ ಬರವಲ್ರಿ. ಹಾಲ ಉಕ್ಕತೈತಿ ಅಂದ್ರಿ. ಎದರಿಗೆ ಇಲ್ಲದವ್ರನ್ನ ನಾ ಹ್ಯಾಂಗ ಹೇಳ್ಲಿ?"

"ಮುಖ ಬೇಡ ಅಂದೆ. ಹೆಸರು ಬೇಡ ಅಂದೆನಾ?"

"ಇಲ್ರಿ" ಎಂದಳು. "ಹೆಸರ ಹೇಳಬೇಕಾಗಿತ್ತು. ಅದು ನಂದ ತಪ್ಪು. ಕ್ಯಾಮೆರಾ ಮುಂದ ಒಂದ ಸಲ ನಾ ಒಬ್ಬಾಕಿನ ಅಂತ ಅಂದು ನೋಡೂಣು ಅನಿಸ್ತು. ನಮ್ಮ ಮನ್ಯಾಗ ನಾ ಏನ ಮಾಡಿದ್ರೂ ಯಾರೂ ನಾ ಮಾಡೀನಿ ಅಂತ ಅಂದಿಲ್ಲ." ಮೂಗು ಏರಿಸಿಕೊಂಡು ಮತ್ತೆ ದನಿ ಗಟ್ಟಿ ಮಾಡಿದಳು. "ಪಾರ್ಲೆದ್ದು ಮಾತ್ರ ನನ್ನ ತಪ್ಪಲ್ಲ. ಎಷ್ಟ ಸಲ ಕೇಳೀನಿ ನಿಮ್ಮನ್ನ! ಆ ಅಂಗಡಿಯಾಂವ ಕರೀತಾನ, ಹೋಗೂಣೇನ್ರಿ, ಹೋಗೂಣೇನ್ರಿ ಅಂತ. ನೀವ ನಗತೀರಿ. ಚಾ ಕೊಡತೀರಿ. ಬಿಸ್ಕೀಟ ಕೊಡತೀರಿ. ಬ್ಯಾಡ ಅಂತ ಒಂದ ಸಲರ ಅಂದೀರೇನ್ರಿ? ನಿಮ್ಮ ಹೊಟ್ಟ್ಯಾಗ ಏನೈತಿ ಅಂತ ನಾ ಬಿಸ್ಕೀಟ ತಿಂದ ತಿಳ್ಕೋಬೇಕೇನು?"

ಆ ಬಿಸ್ಕತ್ತಿನ ಡಬ್ಬಿ ನನ್ನ ಕಣ್ಣ ಮುಂದೆ ಬಂತು.

"ಪಾರ್ಲೆಯ ವಿಷಯ ದಸರಾ ಕಳೆದ ಮೇಲೆ ಮಾತಾಡುವ" ಎಂದೆ. "ಅವತ್ತು ನಾನು ನಗುದಿಲ್ಲ. ಚಹಾವೂ ಇಲ್ಲ. ಈಗ ಸಾವಂತ್ ಮೇಡಂಗೆ ಏನು ಹೇಳುದು?"

"ನಾ ಮಾಡ್ತೀನಿ ಫೋನು."

"ಬೇಡ. ಇಬ್ಬರೂ ಮಾಡುವ."

ಅವಳ ಅಡುಗೆಕಟ್ಟೆಯ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದೆವು. ನಾನೇ ಮೊದಲು ಮಾತಾಡಿದೆ. ಹಿಂದಿ ತಡವರಿಸಿತು, ಆದರೆ ನಿಲ್ಲಿಸಲಿಲ್ಲ. ನಾವಿಬ್ಬರೂ ಇದ್ದೇವೆ, ತಪ್ಪು ನಮ್ಮಿಬ್ಬರದು, ಕೆಂಪು ಸೀರೆಗಳೆಲ್ಲ ಈಗಲೇ ಬಿಚ್ಚಿ ಮತ್ತೆ ಮಾಡುತ್ತೇವೆ, ನಾಳೆ ಒಂದು ಸೀರೆ ನೆಲ ಮುಟ್ಟಿದರೂ ಉಳಿದ ಕೆಲಸವನ್ನು ನಾವಾಗಿಯೇ ಬಿಟ್ಟುಬಿಡುತ್ತೇವೆ ಎಂದೆ. ಬಿದ್ದ ಹುಡುಗಿಯ ಹೆಸರು ಕೇಳಿದೆ. ಪ್ರಾಜಕ್ತಾ. ಅವಳ ಫೋನಿಗೂ ಮಾಡಿ ಕ್ಷಮೆ ಕೇಳಿದೆವು. ಅವಳು, ಪರವಾಗಿಲ್ಲ ಕಾಕೂ, ಬಿದ್ದದ್ದಕ್ಕೆ ಬಾಸ್ ಒಂದು ಗಂಟೆ ಬೇಗ ಮನೆಗೆ ಹೋಗು ಅಂದರು ಎಂದಳು.

ಮಧ್ಯಾಹ್ನ ಮಾದೇವಿ ಮೇಲೆ ಬಂದಳು. ನಾನು ಒಳಕೋಣೆಗೆ ಹೋಗಲಿಲ್ಲ. ಒಂದೊಂದು ಪೆಟ್ಟಿಗೆ ತೆರೆದು, ಪಿನ್ನು ಬಿಚ್ಚಿ, ಇಸ್ತ್ರಿಯ ಗೆರೆಗಳನ್ನು ನೀರು ಚಿಮುಕಿಸಿ ಅಳಿಸಿದೆವು. ಗೆರೆ ಹಾಕುವುದಕ್ಕಿಂತ ಅಳಿಸುವುದು ಕಷ್ಟ. ಗಂಜಿ ಕುಡಿದ ಹತ್ತಿ ಹಳೆಯ ಮಡಿಕೆಯನ್ನು ಸುಲಭಕ್ಕೆ ಬಿಡುವುದಿಲ್ಲ. ನಾನು ಒಂದು ನಿಯಮ ಹೇಳಿದೆ: ಸೀರೆ ಈ ಕಡೆಯಿಂದ ಆ ಕಡೆಗೆ ಹೋಗುವಾಗ ಬಾಯಿ ಬಿಟ್ಟು ಅಳತೆ ಹೇಳಬೇಕು, ತೆಗೆದುಕೊಳ್ಳುವವರು ಅದನ್ನು ತಿರುಗಿ ಹೇಳಬೇಕು. ಎಷ್ಟೇ ಸಿಟ್ಟಿರಲಿ.

ಮೊದಲ ದಿನ ಅದು ಶಾಲೆಯ ಹಾಜರಿ ಕರೆದ ಹಾಗಿತ್ತು.

"ಸಾವಂತ್. ಒಂದು ಬೆರಳು."

"ಒಂದ ಬೆರಳು."

"ಪ್ರಾಜಕ್ತಾ. ಒಂದೂವರೆ."

"ಆಕಿಗೆ ಎರಡ ಮಾಡ್ರಿ. ಮಂಡಿ ನೋವೈತಿ."

"ಎರಡು."

ಬೇರೆ ಮಾತಿರಲಿಲ್ಲ. ಮೂರನೆಯ ದಿನಕ್ಕೋ ಏನೋ, ಅವಳು ಒಬ್ಬರ ಸೀರೆಯ ಜರಿಯನ್ನು ನೋಡಿ ಏನೋ ತಮಾಷೆ ಮಾಡಿದಳು, ನಾನು ತಡೆಯಲಾರದೆ ನಕ್ಕೆ. ಆದರೆ ಮೊದಲಿನ ಹಾಗಾಯಿತು ಎಂದರೆ ಸುಳ್ಳಾಗುತ್ತದೆ. ಮಾತಾಡುವಾಗ ಇಬ್ಬರೂ ಸ್ವಲ್ಪ ನೋಡಿಕೊಂಡು ಮಾತಾಡುತ್ತಿದ್ದೆವು, ಹೊಸದಾಗಿ ಸಾರಿಸಿದ ನೆಲದ ಮೇಲೆ ಕಾಲಿಡುವ ಹಾಗೆ. ಒಂಬತ್ತನೆಯ ದಿನದ ಪೆಟ್ಟಿಗೆಗಳನ್ನು ಇಬ್ಬರೂ ಟ್ಯಾಕ್ಸಿಯಲ್ಲಿ ಪರೇಲಿಗೆ ಒಯ್ದು ಕೊಟ್ಟೆವು. ಸಾವಂತ್ ಮೇಡಂ ಸೀರೆ ನೋಡುವ ಮೊದಲು ನಮ್ಮಿಬ್ಬರ ಮುಖ ನೋಡಿದರು.

ದಸರಾ ಕಳೆದ ಮರುದಿನ ಅವಳು ಬಂದು ಮೇಜಿನ ಎದುರು ಕೂತಳು. ಇಸ್ತ್ರಿಯ ಪ್ಲಗ್ ತೆಗೆದಿತ್ತು. ಚಹಾ ಮಾಡಲಿಲ್ಲ.

"ಪಾರ್ಲೆ" ಎಂದಳು.

"ಬೇಡ" ಎಂದೆ.

ನನ್ನ ಮದುವೆಯಾದ ಮೇಲೆ ಯಾರಿಗಾದರೂ ಅಷ್ಟು ನೇರವಾಗಿ ಬೇಡ ಎಂದದ್ದು ನೆನಪಿಲ್ಲ. ಕಾರಣವನ್ನೂ ಹೇಳಿದೆ. ನನಗೆ ಅಂಗಡಿಯ ದೀಪದ ಕೆಳಗೆ, ಗಿರಾಕಿಗಳು ನೋಡುತ್ತಿರುವಾಗ ಕೆಲಸ ಮಾಡುವುದು ಇಷ್ಟವಿಲ್ಲ. ವಡಾಲದಿಂದ ಪಾರ್ಲೆಗೆ ದಿನಾ ರೈಲಿನಲ್ಲಿ ಓಡಾಡುವುದು ನನ್ನಿಂದ ಆಗುವುದಿಲ್ಲ. ಮದುವೆ ಮನೆಯವರ ಅವಸರಕ್ಕೆ ಸೆರಗು ಹಿಡಿಯಲು ನನ್ನ ಕೈ ಒಪ್ಪುವುದಿಲ್ಲ.

ಅವಳು ಎಲ್ಲ ಕೇಳಿದಳು. "ನಂಗ ಬೇಕ್ರಿ" ಎಂದಳು. "ನಂಗ ಜನ ಬೇಕು, ಬೆಳಕ ಬೇಕು. ಈ ಮನ್ಯಾಗ ಕುಂತ್ರ ನಾ ಒಣಗಿ ಹೋಗ್ತೀನಿ."

"ಹಾಗಾದ್ರೆ?"

"ಗೊತ್ತಿಲ್ರಿ. ನಾಳೆ ಹೇಳ್ತೀನಿ."

ಎದ್ದು ಹೋದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಳು. ಜೋರಾಗಿ ಹಾಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ಇಡೀ ದಿನ ನಾನು ಮೇಜಿನ ಮೇಲಿನ ಕಂಬಳಿ ತೆಗೆಯಲಿಲ್ಲ, ಹಾಸಿಯೂ ಸರಿ ಮಾಡಲಿಲ್ಲ. ಶ್ರೇಯಾ ಊಟಕ್ಕೆ ಕೂತವಳು, "ಆಂಟಿ ಜಾ ರಹೀ ಹೈ ಕ್ಯಾ, ಅಮ್ಮಾ?" ಎಂದಳು. "ಗೊತ್ತಿಲ್ಲ" ಎಂದೆ. "ಹೋದರೂ ನಾನು ಬೇಡ ಅಂದದ್ದನ್ನು ಹಿಂದೆ ತಗೊಳ್ಳುದಿಲ್ಲ." ಅವಳು ನನ್ನನ್ನೇ ನೋಡಿದಳು, ಆಮೇಲೆ ತಟ್ಟೆ ನೋಡಿದಳು.

ಮರುದಿನ ಬೆಳಿಗ್ಗೆ ಮಾದೇವಿ ಬಂದಳು. ಕೂರುವ ಮೊದಲೇ ಮಾತು ಶುರು ಮಾಡಿದಳು. ವಾರದಲ್ಲಿ ಎರಡು ದಿನ ಅವಳು ಪಾರ್ಲೆಗೆ ಹೋಗುತ್ತಾಳೆ, ಅಲ್ಲಿ ನಿರಿಗೆ ಸೆರಗು ಎರಡೂ ಅವಳದೇ. ಆದರೆ ಬೋರ್ಡಿನ ಮೇಲೆ ನಮ್ಮಿಬ್ಬರ ಹೆಸರು, ಯಾಕೆಂದರೆ ಸೆರಗು ಹಿಡಿಯುವುದನ್ನು ಅವಳಿಗೆ ಕಲಿಸಬೇಕಾದವಳು ನಾನು. ಉಳಿದ ದಿನ ಇಲ್ಲಿ, ಈ ಮೇಜಿನ ಮೇಲೆ. ಶುಕ್ರವಾರ ಕೆಲಸ ಶುರುವಾಗುವ ಮೊದಲು ಒಂದು ಗಂಟೆ ಜಗಳಕ್ಕೆಂದೇ ಬಿಡಬೇಕು. ಹೊಟ್ಟೆಯಲ್ಲಿ ಇರುವುದೆಲ್ಲ ಆಗ ಹೊರಗೆ ಬರಬೇಕು, ಏನೂ ಇಲ್ಲದಿದ್ದರೂ ಎದುರುಬದುರು ಕೂರಬೇಕು.

"ಒಪ್ಪಿದೆ" ಎಂದೆ. "ಆದರೆ ನೀನು ಪಾರ್ಲೆಯಲ್ಲಿರುವ ಆ ಎರಡು ದಿನ ಇಲ್ಲಿ ಬಂದ ಸೀರೆಗಳಿಗೆ ನಿರಿಗೆ ಯಾರು ಹಿಡಿಯುದು?"

"ಅದನ್ನ ನಾನೂ ರಾತ್ರಿಯೆಲ್ಲಾ ಯೋಚನಿ ಮಾಡೀನಿ. ಯಾರನ್ನರ ಇಟ್ಕೋಬೇಕು."

"ಯಾರೂ ಬೇಡ. ನಾನೇ ಕಲೀತೇನೆ. ಕಲಿಸು."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳಿಲ್ಲದ ದಿನವೂ ಈ ಮನೆಯಿಂದ ಸೀರೆ ಪೂರ್ತಿಯಾಗಿಯೇ ಹೊರಗೆ ಹೋಗಬೇಕು, ಆಗ ಮಾತ್ರ ಅವಳು ನಿಶ್ಚಿಂತೆಯಿಂದ ಹೋಗಬಹುದು, ನಾನೂ ನಿಶ್ಚಿಂತೆಯಿಂದ ಕಳಿಸಬಹುದು. ಇದನ್ನು ನಾನು ಹೇಳಲಿಲ್ಲ. ಅವಳು ಬೀರುವಿನಿಂದ ನನ್ನದೇ ಒಂದು ಹಳೆಯ ಹತ್ತಿ ಸೀರೆ ತೆಗೆದು ನನ್ನ ಕೈಗೆ ಕೊಟ್ಟಳು.

ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಬಟ್ಟೆಯನ್ನು ಹೋಗಿ ಬರುವಂತೆ ಮಾಡಬೇಕು. ನೋಡಲು ಏನೂ ಇಲ್ಲ. ನನ್ನ ಮೊದಲ ನಿರಿಗೆ ಅಗಲ, ಎರಡನೆಯದು ಕಿರಿದು, ಮೂರನೆಯದು ಜಾರಿತು. ಪಿನ್ನು ಹಾಕಿ ಮೇಜಿನ ಮೇಲೆ ಹರಡಿ ನೋಡಿದರೆ ಕೆಳಗಂಚು ಮೆಟ್ಟಿಲಿನ ಹಾಗೆ ಏರಿಳಿದಿತ್ತು. ಒಂದು ಸಲಕ್ಕೆ ಇಷ್ಟು ಸಾಕೇನೋ ಎಂದು ಅವಳ ಮುಖ ನೋಡಿದೆ.

ಮಾದೇವಿ ಅಂಚಿನ ಮೇಲೆ ಬೆರಳು ಎಳೆದಳು. ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಛಲೋ ಆಗಿಲ್ರಿ" ಎಂದಳು. "ಬಿಚ್ಚರಿ."

ನಾನು ಪಿನ್ನು ಬಿಚ್ಚಿ, ನೀರು ಚಿಮುಕಿಸಿ, ಮೊದಲ ನಿರಿಗೆಯಿಂದ ಮತ್ತೆ ಹಿಡಿಯತೊಡಗಿದೆ.